ತಂಗುದಾಣದ ಲೆಕ್ಕ ಕೇಳಿ

ಬಸ್ ನಿಲ್ದಾಣದ ಕಟ್ಟೆಯ ಮೇಲೆ, ಮೇಲ್ಸೇತುವೆಯ ಕೆಳಗೆ ಮಲಗುವವರಿಗಾಗಿ ನಿಮ್ಮ ನಗರಸಭೆಯೋ ಪಾಲಿಕೆಯೋ ರಾತ್ರಿ ತಂಗುದಾಣಗಳಿಗೆ ಖರ್ಚು ಮಾಡುವ ದುಡ್ಡಿಗೆ ಲೆಕ್ಕ ಕೇಳುವವರು ಬಹಳ ಕಡಿಮೆ. ಅಲ್ಲಿ ಮಲಗಿದವರು ಕಚೇರಿಯ ಮೆಟ್ಟಿಲು ಹತ್ತುವುದು ಕಷ್ಟ. ನಾವು ಹತ್ತಬೇಕು.

ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಲ್ಲಿ, ನಗರದ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಮಂದಿ ವಸತಿರಹಿತರಿಗೆ ಇಂಥ ಆಶ್ರಯ, ಒಬ್ಬರಿಗೆ 50 ಚದರಡಿ ಜಾಗ ಎಂದಿತ್ತು. ಕಾಗದದಲ್ಲಿದ್ದದ್ದು ನೆಲದ ಮೇಲಿದೆಯೇ ಎಂದು ಖುದ್ದಾಗಿ ನೋಡಲು 2016ರಲ್ಲಿ ಸುಪ್ರೀಂ ಕೋರ್ಟೇ ನಿವೃತ್ತ ನ್ಯಾಯಮೂರ್ತಿ ಕೈಲಾಶ್ ಗಂಭೀರ್ ಅವರ ಸಮಿತಿಯನ್ನು ನೇಮಿಸಬೇಕಾಯಿತು.

ಲೆಕ್ಕ ಕೇಳಲು ನಿಮ್ಮ ಕೈಯಲ್ಲಿರುವುದು ಮಾಹಿತಿ ಹಕ್ಕು. ಅರ್ಜಿ ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಪದಗಳ ಒಳಗಿರಬೇಕು. ಹಾಗಾಗಿ ‘ಎಲ್ಲ ವಿವರ ಕೊಡಿ’ ಎನ್ನಬೇಡಿ, ಅಂಥ ಅರ್ಜಿಯನ್ನು ತಳ್ಳಿಹಾಕುವುದು ಸುಲಭ. ಒಂದು ತಂಗುದಾಣ, ಒಂದು ತಿಂಗಳು ಸಾಕು: ಹಾಜರಿ ಪುಸ್ತಕ, ಊಟದ ಬಿಲ್ಲು, ನಡೆಸುವ ಸಂಸ್ಥೆಯ ಜೊತೆಗಿನ ಒಪ್ಪಂದ. ಮೂರನ್ನೂ ಪಕ್ಕಪಕ್ಕ ಇಟ್ಟು ಓದಿ. ಹಾಜರಿಯಲ್ಲಿ 20 ಜನ, ಬಿಲ್ಲಿನಲ್ಲಿ 50 ಊಟ ಕಂಡರೆ ಕೇಳಬೇಕಾದ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. ನಕಲು ಬೇಡವೆಂದರೆ ಕಡತವನ್ನೇ ಕೂತು ನೋಡುವ ಹಕ್ಕೂ ನಿಮಗಿದೆ.

ದಯವಿಟ್ಟು ಅಲ್ಲಿ ತಂಗುವವರ ಹೆಸರು ಕೇಳಬೇಡಿ, ಸಂಖ್ಯೆ ಕೇಳಿ. ಅವರ ಮಾನ ದೊಡ್ಡದು. 30 ದಿನದಲ್ಲಿ ಉತ್ತರ ಬಾರದಿದ್ದರೆ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಈ ನಡುವೆ ಒಂದು ರಾತ್ರಿ ತಂಗುದಾಣಕ್ಕೇ ಹೋಗಿ, ಬಾಗಿಲು ತೆರೆದಿದೆಯೇ ನೋಡಿ ಬನ್ನಿ.