ರೋಮನ್ ಅಂಕಿಗಳ ಪಾಠ

ಗಡಿಯಾರದ ಮುಖದ ಮೇಲೆ, ಪುಸ್ತಕಗಳ ಅಧ್ಯಾಯಗಳ ತಲೆಯಲ್ಲಿ, ಐರೋಪ್ಯ ಅರಸರ ಹೆಸರುಗಳ ಮುಂದೆ ರೋಮನ್ ಅಂಕಿಗಳು ಇಂದಿಗೂ ಉಳಿದಿವೆ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಅವುಗಳ ಪರಿಚಯವು ಅವಶ್ಯವೇ ಸರಿ. ಆದರೆ ಪಟ್ಟಿಯನ್ನು ಬಾಯಿಪಾಠ ಮಾಡಿಸಿ ಬಿಟ್ಟರೆ ಪರೀಕ್ಷೆಯೊಡನೆ ಅದೂ ಮರೆತುಹೋಗುತ್ತದೆ. ನಮ್ಮಲ್ಲಿ ಕೆಲವರಾದರೂ ಮುಂದೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಶಾಲೆಗಳಲ್ಲಿ ಶಿಕ್ಷಕರಾಗುವವರು. ಆದುದರಿಂದ ಈ ಪಾಠವನ್ನು ಹೇಗೆ ಕಲಿಸಬೇಕೆಂಬುದನ್ನು ಇಲ್ಲಿ ವಿಚಾರಿಸೋಣ.

ಇರುವ ಚಿಹ್ನೆಗಳು ಏಳೇ. I ಎಂದರೆ ೧, V ೫, X ೧೦, L ೫೦, C ೧೦೦, D ೫೦೦, M ೧೦೦೦. ಮೊದಲಿನ ಮೂರನ್ನು ಜೋಳದ ದಂಟಿನ ಕಡ್ಡಿಗಳಿಂದ ಮಕ್ಕಳೇ ಜೋಡಿಸಲಿ. ಹೆಬ್ಬೆರಳನ್ನು ಅಗಲಿಸಿ ಹಿಡಿದ ಅಂಗೈಯಲ್ಲಿ V ಕಾಣುತ್ತದೆ. ಅದರ ಕೆಳಗೆ ಇನ್ನೊಂದು V ಯನ್ನು ತಲೆಕೆಳಗಾಗಿಟ್ಟರೆ X ಆಗುತ್ತದೆ.

ಅನಂತರ ನಿಯಮಗಳು. ದೊಡ್ಡ ಚಿಹ್ನೆಯ ಬಲಕ್ಕೆ ಚಿಕ್ಕದು ಬಂದರೆ ಕೂಡಿಸಬೇಕು: XI ಎಂದರೆ ೧೧. ಎಡಕ್ಕೆ ಬಂದರೆ ಕಳೆಯಬೇಕು: IX ಎಂದರೆ ೯. ಒಂದೇ ಚಿಹ್ನೆಯು ಸಾಲಾಗಿ ಮೂರಕ್ಕಿಂತ ಹೆಚ್ಚು ಸಲ ಬರಲಾಗದು. V, L, D ಗಳು ಎರಡು ಸಲವೂ ಬರವು. I ಯನ್ನು V, X ಗಳಿಂದಲೂ, X ಅನ್ನು L, C ಗಳಿಂದಲೂ, C ಯನ್ನು D, M ಗಳಿಂದಲೂ ಮಾತ್ರ ಕಳೆಯಬಹುದು. ಆದುದರಿಂದ ೯೯ ಎಂಬುದು IC ಅಲ್ಲ, XCIX. ಅನೇಕ ಗಡಿಯಾರಗಳಲ್ಲಿ ನಾಲ್ಕನ್ನು IIII ಎಂದು ಬರೆದಿರುತ್ತದೆ. ಅದು ಹಳೆಯ ರೂಢಿಯೆಂದು ಮಕ್ಕಳಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಪರಿವರ್ತನೆಗೆ ಸುಲಭ ಮಾರ್ಗವೆಂದರೆ ಸಂಖ್ಯೆಯನ್ನು ಸ್ಥಾನಗಳಾಗಿ ಬಿಡಿಸುವುದು. ಹಾವೇರಿ ಜಿಲ್ಲೆ ಆದದ್ದು ೧೯೯೭ರಲ್ಲಿ. ೧೦೦೦, ೯೦೦, ೯೦, ೭ ಎಂದು ಬಿಡಿಸಿದರೆ M, CM, XC, VII. ಕೂಡಿಸಿ ಬರೆದರೆ MCMXCVII. ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಕನಕದಾಸರು ಜನಿಸಿದರೆಂದು ಪ್ರತೀತಿಯಿರುವ ವರ್ಷ ೧೫೦೯, ಅದು MDIX. ಇಲ್ಲಿ ಶಿಕ್ಷಕನು ಒಂದು ಪ್ರಶ್ನೆ ಕೇಳಬೇಕು: ೧೫೦೯ರ ಸೊನ್ನೆ ಎಲ್ಲಿ ಹೋಯಿತು?

ರೋಮನ್ ಪದ್ಧತಿಯಲ್ಲಿ ಸೊನ್ನೆಯೂ ಇಲ್ಲ, ಸ್ಥಾನಬೆಲೆಯೂ ಇಲ್ಲ. ನಮ್ಮ ನಾಡಿನ ಹಳೆಯ ಹೆಸರುಗಳಿಂದಲೇ ಇದನ್ನು ತೋರಿಸಬಹುದು. ಶಾಸನಗಳಲ್ಲಿ ಹಾನಗಲ್ಲ ಪ್ರಾಂತಕ್ಕೆ ಪಾನುಂಗಲ್ಲು ೫೦೦ ಎಂದೂ, ಬನವಾಸಿ ಪ್ರಾಂತಕ್ಕೆ ಬನವಾಸಿ ೧೨೦೦೦ ಎಂದೂ ಹೆಸರು. ಪಾನುಂಗಲ್ಲಿಗೆ D ಒಂದೇ ಅಕ್ಷರ ಸಾಕು. ಬನವಾಸಿಗಾದರೋ ಹನ್ನೆರಡು M ಗಳನ್ನು ಬರೆಯಬೇಕು, ಇಲ್ಲವೆ XII ರ ಮೇಲೆ ಗೆರೆ ಎಳೆಯಬೇಕು. ನಮ್ಮ ಅಂಕಿಗಳಲ್ಲಿ ೧೨ರ ಮುಂದೆ ಮೂರು ಸೊನ್ನೆಗಳನ್ನಿಟ್ಟರೆ ಕೆಲಸ ಮುಗಿಯಿತು. ಇನ್ನು XXIII ನ್ನು XIV ರಿಂದ ಗುಣಿಸಲು ಹೇಳಿದರೆ ಸ್ಥಾನಬೆಲೆಯ ಉಪಕಾರವು ಮಗುವಿಗೆ ತಾನಾಗಿಯೇ ತಿಳಿಯುತ್ತದೆ.

ಒಂಬತ್ತನೆಯ ಶತಮಾನದಲ್ಲಿಯೇ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಸೊನ್ನೆಯ ಲೆಕ್ಕಗಳನ್ನು ವಿವರಿಸಿದ್ದನು. ಇಟಲಿಯ ಫಿಬೊನಾಚಿಯು ಭಾರತೀಯ ಅಂಕಿಗಳನ್ನು ತನ್ನವರಿಗೆ ವಿವರಿಸಿದ ಗ್ರಂಥ ಬಂದದ್ದು ೧೨೦೨ರಲ್ಲಿ. ರೋಮನ್ ಅಂಕಿಗಳನ್ನು ಓದಿಸುವುದು ಈ ಪಾಠದ ಅರ್ಧ ಭಾಗ ಮಾತ್ರ. ಪ್ರತಿನಿತ್ಯ ಬರೆಯುವ ಸೊನ್ನೆಯ ಬೆಲೆಯನ್ನು ಮಗುವಿಗೆ ಮನಗಾಣಿಸುವುದೇ ಉಳಿದರ್ಧ. ಅದನ್ನು ಬಿಡದಿರೋಣ.