ಜರ್ಮನಿಯ ವಾಣಿಜ್ಯ ಮೇಳಕ್ಕೆ ಹೊರಡುವ ಮುನ್ನ: ಷೆಂಗೆನ್ ವೀಸಾ ಮತ್ತು ಪ್ರವೇಶ ನಿಯಮಗಳ ಪರಿಚಯ

ಹ್ಯಾನೋವರ್‌ನ ಕೈಗಾರಿಕಾ ಮೇಳ, ಫ್ರಾಂಕ್‌ಫರ್ಟ್‌ನ ಗೃಹಬಳಕೆ ವಸ್ತುಗಳ ಮೇಳ, ನ್ಯೂರೆಂಬರ್ಗ್‌ನ ಆಟಿಕೆಗಳ ಮೇಳ, ಕಲೋನ್‌ನ ಆಹಾರ ಮೇಳ ಇವು ಜಗತ್ತಿನ ಖರೀದಿದಾರರನ್ನು ಒಂದೇ ಸೂರಿನಡಿ ಸೇರಿಸುವ ದೊಡ್ಡ ಸಂತೆಗಳು. ಪೀಣ್ಯದ ಯಂತ್ರಭಾಗ ತಯಾರಕರಿಗಾಗಲಿ, ಬೆಳಗಾವಿಯ ಎರಕದ ಕಾರ್ಖಾನೆಗಳಿಗಾಗಲಿ, ಚನ್ನಪಟ್ಟಣದ ಆಟಿಕೆ ಉದ್ಯಮಕ್ಕಾಗಲಿ ಹೊರದೇಶದ ಮೊದಲ ಗ್ರಾಹಕ ದೊರೆಯುವುದು ಇಂತಹ ಸ್ಥಳಗಳಲ್ಲಿಯೇ. ಆದರೆ ಮಳಿಗೆಯ ಬಾಡಿಗೆಯನ್ನು ತುಂಬಿ, ಮಾದರಿಗಳನ್ನು ಕಳುಹಿಸಿ, ಕರಪತ್ರಗಳನ್ನು ಮುದ್ರಿಸಿದ ನಂತರ ಮಾಲೀಕರ ಪಾಸ್‌ಪೋರ್ಟ್ ಮಾತ್ರ ವೀಸಾ ಇಲ್ಲದೆ ಹಿಂದಿರುಗಿದರೆ ಏನು ಗತಿ? ಮಳಿಗೆಗೆ ಕಟ್ಟಿದ ಹಣ ಸಾಮಾನ್ಯವಾಗಿ ಹಿಂದಕ್ಕೆ ಬಾರದು. ಸಣ್ಣ ಉದ್ಯಮಿಗೆ ಅದು ಒಂದು ವರ್ಷದ ಲಾಭವೇ ಆಗಿರಬಹುದು. ಈ ನಷ್ಟದ ಮೂಲ ಬಹುಪಾಲು ಸಂದರ್ಭಗಳಲ್ಲಿ ಕಾಗದಪತ್ರಗಳ ಅಸಡ್ಡೆಯೇ ಹೊರತು ಸರಕಿನ ದೋಷವಲ್ಲ. ಆದುದರಿಂದ ಈ ಲೇಖನದಲ್ಲಿ ಜರ್ಮನಿಯನ್ನು ಉದಾಹರಣೆಯಾಗಿಟ್ಟುಕೊಂಡು ಅಲ್ಪಾವಧಿ ವ್ಯಾಪಾರಿ ವೀಸಾದ ನಿಯಮಗಳನ್ನು ಕ್ರಮವಾಗಿ ಪರಿಶೀಲಿಸಲಾಗಿದೆ.

ಷೆಂಗೆನ್ ಎಂದರೇನು?

ಷೆಂಗೆನ್ ಎಂಬುದು ಲಕ್ಸೆಂಬರ್ಗ್ ದೇಶದ ಒಂದು ಸಣ್ಣ ಗ್ರಾಮ. 1985ರ ಜೂನ್ 14ರಂದು ಐದು ಯುರೋಪಿಯನ್ ರಾಷ್ಟ್ರಗಳು ತಮ್ಮ ನಡುವಿನ ಗಡಿ ತಪಾಸಣೆಯನ್ನು ಹಂತಹಂತವಾಗಿ ತೆಗೆದುಹಾಕುವ ಒಪ್ಪಂದಕ್ಕೆ ಅಲ್ಲಿ ಸಹಿ ಹಾಕಿದವು. 1995ರ ಮಾರ್ಚ್ 26ರಂದು ವ್ಯವಸ್ಥೆಯು ಜಾರಿಗೆ ಬಂದಿತು. 2025ರ ಜನವರಿ 1ರಂದು ಬಲ್ಗೇರಿಯಾ ಮತ್ತು ರೊಮೇನಿಯಾ ಪೂರ್ಣವಾಗಿ ಸೇರಿದ ಮೇಲೆ ಇದರಲ್ಲಿ 29 ದೇಶಗಳಿವೆ. ಒಂದು ದೇಶ ಕೊಟ್ಟ ಅಲ್ಪಾವಧಿ ವೀಸಾ ಸಾಮಾನ್ಯವಾಗಿ ಉಳಿದೆಲ್ಲ ದೇಶಗಳಲ್ಲಿಯೂ ಸಲ್ಲುತ್ತದೆ.

ಇಲ್ಲಿ ಎರಡು ತಪ್ಪು ಗ್ರಹಿಕೆಗಳನ್ನು ನಿವಾರಿಸಿಕೊಳ್ಳಬೇಕು. ಯುರೋಪಿಯನ್ ಒಕ್ಕೂಟ ಬೇರೆ, ಷೆಂಗೆನ್ ವಲಯ ಬೇರೆ. ಸ್ವಿಟ್ಜರ್ಲೆಂಡ್ ಮತ್ತು ನಾರ್ವೆ ಒಕ್ಕೂಟದಲ್ಲಿಲ್ಲ, ಆದರೆ ಷೆಂಗೆನ್ ವಲಯದಲ್ಲಿವೆ. ಐರ್ಲೆಂಡ್ ಒಕ್ಕೂಟದಲ್ಲಿದೆ, ಆದರೆ ಷೆಂಗೆನ್ ವಲಯದಲ್ಲಿಲ್ಲ. ಎರಡನೆಯದಾಗಿ, ಬ್ರಿಟನ್‌ಗೆ ಪ್ರತ್ಯೇಕ ವೀಸಾ ಬೇಕು. ಒಂದೇ ಬಾರಿಯ ಪ್ರವೇಶಕ್ಕೆ ಪಡೆದ ಷೆಂಗೆನ್ ವೀಸಾದಲ್ಲಿ ಫ್ರಾಂಕ್‌ಫರ್ಟ್‌ಗೆ ಹೋಗಿ, ನಡುವೆ ಲಂಡನ್ನಿನ ಗ್ರಾಹಕರನ್ನು ಕಂಡು ಮತ್ತೆ ಫ್ರಾಂಕ್‌ಫರ್ಟ್‌ಗೆ ಮರಳಲು ಸಾಧ್ಯವಿಲ್ಲ. ಲಂಡನ್ನಿಗೆ ಹೊರಟಾಗಲೇ ಆ ವೀಸಾದ ಆಯುಷ್ಯ ಮುಗಿದಿರುತ್ತದೆ. ಇಂತಹ ಪ್ರಯಾಣವಿದ್ದರೆ ಅರ್ಜಿಯಲ್ಲಿಯೇ ಒಂದಕ್ಕಿಂತ ಹೆಚ್ಚು ಪ್ರವೇಶಗಳನ್ನು ಕೋರಿ ಕಾರಣವನ್ನು ಬರೆಯಬೇಕು.

ಯಾವ ದೇಶಕ್ಕೆ ಅರ್ಜಿ ಸಲ್ಲಿಸಬೇಕು?

ವೀಸಾ ಬೇಗ ಸಿಗುತ್ತದೆಂಬ ಕಾರಣಕ್ಕೆ ಬೇರೊಂದು ದೇಶಕ್ಕೆ ಅರ್ಜಿ ಹಾಕುವ ಅಭ್ಯಾಸ ಕೆಲವರಲ್ಲಿದೆ. ಇದು ನಿಯಮಕ್ಕೆ ವಿರುದ್ಧ. ವಾಸದ ದಿನಗಳ ದೃಷ್ಟಿಯಿಂದ ಅಥವಾ ಉದ್ದೇಶದ ದೃಷ್ಟಿಯಿಂದ ಯಾವುದು ಮುಖ್ಯ ಗಮ್ಯಸ್ಥಾನವೋ ಆ ದೇಶಕ್ಕೇ ಅರ್ಜಿ ಸಲ್ಲಬೇಕು. ಹ್ಯಾನೋವರ್‌ನಲ್ಲಿ ಐದು ದಿನ ಮೇಳ, ಅನಂತರ ಇಟಲಿಯಲ್ಲಿ ಎರಡು ದಿನ ಯಂತ್ರ ವೀಕ್ಷಣೆ ಎಂದಾದರೆ ಜರ್ಮನಿಗೆ ಅರ್ಜಿ. ಮುಖ್ಯ ಗಮ್ಯಸ್ಥಾನ ಯಾವುದೆಂದು ನಿರ್ಧರಿಸಲು ಆಗದಿದ್ದಲ್ಲಿ ಮೊದಲು ಕಾಲಿಡುವ ದೇಶಕ್ಕೆ ಅರ್ಜಿ. ಅರ್ಜಿಯನ್ನು ಸ್ವೀಕರಿಸುವುದು ಹೊರಗುತ್ತಿಗೆಯ ಕೇಂದ್ರವಾದರೂ ತೀರ್ಮಾನ ಮಾಡುವುದು ಆಯಾ ದೇಶದ ದೂತಾವಾಸ ಕಚೇರಿಯೇ. ಕೇಂದ್ರದ ಸಿಬ್ಬಂದಿಗಾಗಲಿ, ಮಧ್ಯವರ್ತಿಗಳಿಗಾಗಲಿ ವೀಸಾ ಕೊಡಿಸುವ ಅಧಿಕಾರವಿಲ್ಲ.

ಕಾಲಮಿತಿ ಮತ್ತು ಶುಲ್ಕ

ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಸಲ್ಲಿಸಲು ಅವಕಾಶವಿದೆ. ಕಡೆಯ ಮಿತಿ ಪ್ರಯಾಣಕ್ಕೆ 15 ದಿನ ಮುಂಚೆ. ಅರ್ಜಿ ಸ್ವೀಕೃತವಾದ 15 ದಿನಗಳೊಳಗೆ ತೀರ್ಮಾನವಾಗಬೇಕೆಂಬುದು ಸಾಮಾನ್ಯ ನಿಯಮ. ಹೆಚ್ಚಿನ ಪರಿಶೀಲನೆ ಅಗತ್ಯವೆನಿಸಿದರೆ ಅದು 45 ದಿನಗಳವರೆಗೂ ಹೋಗಬಹುದು. ಇದಲ್ಲದೆ ಅರ್ಜಿ ಸಲ್ಲಿಸುವ ದಿನವನ್ನು ಮುಂಗಡವಾಗಿ ಗೊತ್ತುಪಡಿಸಿಕೊಳ್ಳಬೇಕು. ಬೇಸಿಗೆ ರಜೆ ಹತ್ತಿರವಾದಂತೆ ಆ ದಿನ ದೊರೆಯುವುದೇ ಕಷ್ಟ. ಆದುದರಿಂದ ಏಪ್ರಿಲ್ ತಿಂಗಳ ಮೇಳಕ್ಕೆ ಜನವರಿಯಲ್ಲಿ ಅರ್ಜಿ ಸಲ್ಲಿಸುವವರು ಜಾಣರು, ಮಾರ್ಚ್ ಕೊನೆಯವರೆಗೆ ಕಾಯುವವರು ಜೂಜಾಡುವವರು.

2024ರ ಜೂನ್ 11ರಿಂದ ವಯಸ್ಕರ ವೀಸಾ ಶುಲ್ಕ 90 ಯೂರೋ. ಇದಕ್ಕೆ ಕೇಂದ್ರದ ಸೇವಾ ಶುಲ್ಕ ಸೇರುತ್ತದೆ. ವೀಸಾ ನಿರಾಕರಣೆಯಾದರೂ ಈ ಹಣ ಹಿಂದಕ್ಕೆ ಬರುವುದಿಲ್ಲ. ಅರ್ಜಿದಾರರು ಸ್ವತಃ ಹಾಜರಾಗಿ ಹತ್ತು ಬೆರಳುಗಳ ಗುರುತು ಮತ್ತು ಭಾವಚಿತ್ರ ಕೊಡಬೇಕು. ಒಮ್ಮೆ ಕೊಟ್ಟ ಬೆರಳಚ್ಚನ್ನು 59 ತಿಂಗಳೊಳಗಿನ ಮುಂದಿನ ಅರ್ಜಿಗೆ ಸಾಮಾನ್ಯವಾಗಿ ಮತ್ತೆ ಬಳಸಿಕೊಳ್ಳುತ್ತಾರೆ.

ಕಾಗದಪತ್ರಗಳು

ಪಾಸ್‌ಪೋರ್ಟ್: ಕಳೆದ ಹತ್ತು ವರ್ಷಗಳೊಳಗೆ ನೀಡಿದ್ದಾಗಿರಬೇಕು, ಷೆಂಗೆನ್ ವಲಯದಿಂದ ಹೊರಡುವ ದಿನದ ನಂತರವೂ ಕನಿಷ್ಠ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಕನಿಷ್ಠ ಎರಡು ಪುಟಗಳು ಖಾಲಿ ಇರಬೇಕು.

ವಿಮೆ: ಪ್ರವಾಸದ ಎಲ್ಲ ದಿನಗಳಿಗೂ, ಎಲ್ಲ ಷೆಂಗೆನ್ ದೇಶಗಳಿಗೂ ಅನ್ವಯಿಸುವ, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕು. ತುರ್ತು ಚಿಕಿತ್ಸೆಯ ಜೊತೆಗೆ ಸ್ವದೇಶಕ್ಕೆ ಮರಳಿ ಕಳುಹಿಸುವ ವೆಚ್ಚವೂ ಅದರಲ್ಲಿ ಅಡಕವಾಗಿರಬೇಕು.

ಉದ್ದೇಶದ ಪುರಾವೆ: ಮೇಳದ ಮಳಿಗೆ ಹಂಚಿಕೆ ಪತ್ರ ಮತ್ತು ಹಣ ಪಾವತಿಯ ರಸೀದಿ, ವೀಕ್ಷಕರಾದರೆ ಪ್ರವೇಶ ಚೀಟಿ, ಅಥವಾ ಜರ್ಮನ್ ಕಂಪನಿಯ ಆಹ್ವಾನ ಪತ್ರ. ಆಹ್ವಾನ ಪತ್ರದಲ್ಲಿ ಪ್ರಯಾಣಿಕರ ಹೆಸರು, ಭೇಟಿಯ ದಿನಾಂಕಗಳು, ಉಭಯ ಸಂಸ್ಥೆಗಳ ವ್ಯವಹಾರ ಸಂಬಂಧ ಮತ್ತು ಖರ್ಚನ್ನು ಭರಿಸುವವರು ಯಾರು ಎಂಬುದು ಸ್ಪಷ್ಟವಿರಬೇಕು. ‘ನಮ್ಮಲ್ಲಿಗೆ ಬನ್ನಿ’ ಎಂಬ ಎರಡು ಸಾಲಿನ ಪತ್ರ ಸಾಲದು.

ಸಂಸ್ಥೆಯ ಪುರಾವೆ: ಜಿಎಸ್‌ಟಿ ಮತ್ತು ಉದ್ಯಮ್ ನೋಂದಣಿ, ಪಾಲುದಾರಿಕೆ ಪತ್ರ ಅಥವಾ ಕಂಪನಿ ನೋಂದಣಿ ಪತ್ರ, ರಫ್ತುದಾರರಾದರೆ ಆಮದು ರಫ್ತು ಸಂಕೇತ ಸಂಖ್ಯೆ, ಆದಾಯ ತೆರಿಗೆ ವಿವರಗಳು, ಸಂಸ್ಥೆಯ ಹಾಗೂ ಸ್ವಂತ ಬ್ಯಾಂಕ್ ಖಾತೆಗಳ ಇತ್ತೀಚಿನ ತಿಂಗಳುಗಳ ವಿವರ.

ಕೋರಿಕೆ ಪತ್ರ: ಇದು ಎಲ್ಲಕ್ಕಿಂತ ಮುಖ್ಯ. ಸಂಸ್ಥೆಯ ಹೆಸರಿರುವ ಕಾಗದದಲ್ಲಿ ನಾವು ಏನನ್ನು ತಯಾರಿಸುತ್ತೇವೆ, ಯಾರು ಹೋಗುತ್ತಿದ್ದಾರೆ, ಅವರ ಹೊಣೆಯೇನು, ಯಾವ ದಿನ ಎಲ್ಲಿರುತ್ತಾರೆ, ಖರ್ಚು ಯಾರದು ಮತ್ತು ಯಾವ ದಿನ ಹಿಂದಿರುಗುತ್ತಾರೆ ಎಂಬುದನ್ನು ಒಂದು ಪುಟದೊಳಗೆ ಬರೆಯಬೇಕು.

ನಮ್ಮ ನಾಡಿನವರಿಗೆ ವಿಶೇಷವಾದ ಒಂದು ತೊಡಕೆಂದರೆ ಹೆಸರು. ಜಿಎಸ್‌ಟಿ ಪತ್ರದಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ಣ ಹೆಸರು, ಬ್ಯಾಂಕ್ ಖಾತೆಯಲ್ಲಿ ಊರಿನ ಹೆಸರು ಹೀಗೆ ಒಬ್ಬರೇ ಮೂವರಾಗಿ ಕಾಣುವುದುಂಟು. ಕಡತವನ್ನು ನೋಡುವ ಅಧಿಕಾರಿಗೆ ನಮ್ಮ ಇನಿಷಿಯಲ್ ಪದ್ಧತಿ ತಿಳಿದಿರಬೇಕೆಂದೇನಿಲ್ಲ. ಟಿಕೆಟ್, ವಿಮೆ, ಆಹ್ವಾನ ಪತ್ರಗಳಲ್ಲಿ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರಿರಲಿ. ಉಳಿದ ದಾಖಲೆಗಳಲ್ಲಿ ವ್ಯತ್ಯಾಸವಿದ್ದರೆ ಕೋರಿಕೆ ಪತ್ರದಲ್ಲಿಯೇ ಒಂದು ವಾಕ್ಯದ ವಿವರಣೆ ಕೊಡಿರಿ.

ಒಂದು ಕಲ್ಪಿತ ಉದಾಹರಣೆ

ಯಂತ್ರಭಾಗ ತಯಾರಿಸುವ ಒಬ್ಬ ಉದ್ಯಮಿಯನ್ನು ಊಹಿಸಿಕೊಳ್ಳೋಣ. ಅವರ ಖಾತೆಯಲ್ಲಿ ಸಾಮಾನ್ಯವಾಗಿ ಎರಡು ಲಕ್ಷ ರೂಪಾಯಿ ಇರುತ್ತದೆ. ಅರ್ಜಿ ಸಲ್ಲಿಸುವ ವಾರದಲ್ಲಿ ಯಾರೋ ಹೇಳಿದರೆಂದು ಬಂಧುಗಳಿಂದ ಎಂಟು ಲಕ್ಷ ಪಡೆದು ಖಾತೆಗೆ ತುಂಬುತ್ತಾರೆ. ಹೋಟೆಲ್ ಕಾದಿರಿಸಿದ್ದು ಆರು ದಿನಕ್ಕೆ, ವಿಮೆ ಎಂಟು ದಿನಕ್ಕೆ, ಟಿಕೆಟ್ ಹತ್ತು ದಿನಕ್ಕೆ. ಉಳಿದ ನಾಲ್ಕು ರಾತ್ರಿ ಎಲ್ಲಿರುತ್ತಾರೆಂಬುದಕ್ಕೆ ಉತ್ತರವಿಲ್ಲ. ಇವರು ಪ್ರಾಮಾಣಿಕ ವ್ಯಾಪಾರಿಯೇ. ಆದರೆ ಕಡತವು ಬೇರೆ ಕಥೆ ಹೇಳುತ್ತದೆ. ವಿಮೆಯಿಲ್ಲದ ದಿನಗಳು ನೇರವಾಗಿ ನಿಯಮಕ್ಕೆ ವಿರುದ್ಧ, ದಿಢೀರನೆ ಬಂದ ಹಣ ಅನುಮಾನಕ್ಕೆ ಎಡೆ. ಅದೇ ವ್ಯಕ್ತಿ ಎರಡು ಲಕ್ಷದ ಖಾತೆಯನ್ನೇ ತೋರಿಸಿ, ಪ್ರಯಾಣದ ವೆಚ್ಚವನ್ನು ಸಂಸ್ಥೆಯ ಖಾತೆಯಿಂದ ಭರಿಸುವುದಾಗಿ ದಾಖಲೆಸಹಿತ ಬರೆದಿದ್ದರೆ ಅರ್ಜಿ ಹೆಚ್ಚು ನಂಬಿಕೆಗೆ ಪಾತ್ರವಾಗುತ್ತಿತ್ತು. ಕಡತದಲ್ಲಿ ಹಣದ ಗಾತ್ರಕ್ಕಿಂತ ಹೊಂದಾಣಿಕೆ ಮುಖ್ಯ.

ವೀಸಾ ಚೀಟಿಯನ್ನು ಓದುವ ಬಗೆ

ಪಾಸ್‌ಪೋರ್ಟ್ ಕೈಗೆ ಬಂದೊಡನೆ ವೀಸಾ ಚೀಟಿಯ ಮೂರು ಅಂಶಗಳನ್ನು ನೋಡಬೇಕು: ಯಾವ ದಿನದಿಂದ ಯಾವ ದಿನದವರೆಗೆ ಸಿಂಧು, ಎಷ್ಟು ಬಾರಿ ಪ್ರವೇಶ, ಎಷ್ಟು ದಿನಗಳ ವಾಸ. ಸಿಂಧುತ್ವದ ಅವಧಿ ಒಂದು ತಿಂಗಳಿದ್ದರೂ ವಾಸದ ದಿನಗಳು ಹತ್ತು ಎಂದಿದ್ದರೆ ಹನ್ನೊಂದನೆಯ ದಿನ ಅಲ್ಲಿರುವುದು ಉಲ್ಲಂಘನೆಯೇ.

ಅನೇಕ ಪ್ರವೇಶಗಳ ದೀರ್ಘಾವಧಿ ವೀಸಾ ಇರುವವರಿಗೆ ಇನ್ನೊಂದು ಲೆಕ್ಕವಿದೆ. ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಅಲ್ಲಿರುವ ಪ್ರತಿಯೊಂದು ದಿನವೂ ಹಿಂದಿನ 180 ದಿನಗಳನ್ನು ಎಣಿಸಿ ನೋಡಬೇಕು. ಪ್ರವೇಶಿಸಿದ ದಿನ ಮತ್ತು ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಅಧಿಕ ವರ್ಷವಲ್ಲದ ವರ್ಷದಲ್ಲಿ ಜನವರಿ 1ರಿಂದ ಮಾರ್ಚ್ 1ರವರೆಗೆ ಇದ್ದವರು 60 ದಿನ ಕಳೆದಂತಾಯಿತು. ಅವರು ಮೇ 1ರಂದು ಮತ್ತೆ ಹೋದರೆ ಮೇ 30ಕ್ಕೆ 90 ದಿನ ತುಂಬುತ್ತದೆ. ಮೇ 31ರಂದು ಅಲ್ಲಿದ್ದರೆ ಮಿತಿ ಮೀರಿದಂತೆ.

2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದ ಪ್ರವೇಶ ನಿರ್ಗಮನ ವ್ಯವಸ್ಥೆಯಲ್ಲಿ ಪಾಸ್‌ಪೋರ್ಟಿನ ಮುದ್ರೆಗೆ ಬದಲಾಗಿ ಗಣಕಯಂತ್ರದಲ್ಲಿಯೇ ದಿನಗಳು ದಾಖಲಾಗುತ್ತವೆ. ಮುದ್ರೆ ಮಸುಕಾಗಿದೆ ಎಂಬ ನೆಪಕ್ಕೆ ಇನ್ನು ಅವಕಾಶವಿಲ್ಲ.

ವೀಸಾ ದೊರೆತ ಮಾತ್ರಕ್ಕೆ ಪ್ರವೇಶದ ಹಕ್ಕು ತಾನಾಗಿ ದೊರೆಯುವುದಿಲ್ಲ. ಗಡಿಯ ಅಧಿಕಾರಿಯು ಭೇಟಿಯ ಉದ್ದೇಶ, ವಸತಿ, ಹಣ ಮತ್ತು ಮರುಪ್ರಯಾಣದ ಬಗ್ಗೆ ಕೇಳಬಹುದು. ಆಹ್ವಾನ ಪತ್ರ, ಮಳಿಗೆ ಪತ್ರ, ಹೋಟೆಲ್ ಮತ್ತು ಟಿಕೆಟ್‌ಗಳ ಪ್ರತಿಗಳು ಕೈಚೀಲದಲ್ಲಿರಲಿ. ಸರಕಿನ ಪೆಟ್ಟಿಗೆಯಲ್ಲಿ ಬೇಡ. ವ್ಯಾಪಾರಿ ವೀಸಾದಲ್ಲಿ ಮಾತುಕತೆ ನಡೆಸಬಹುದು, ಒಪ್ಪಂದ ಮಾಡಿಕೊಳ್ಳಬಹುದು, ಮೇಳದಲ್ಲಿ ಭಾಗವಹಿಸಬಹುದು, ಉದ್ಯೋಗ ಮಾಡುವಂತಿಲ್ಲ. ಮಾರಿದ ಯಂತ್ರವನ್ನು ಗ್ರಾಹಕರ ಕಾರ್ಖಾನೆಯಲ್ಲಿ ಜೋಡಿಸಿಕೊಡುವ ಕೆಲಸಕ್ಕೆ ಬೇರೆ ನಿಯಮಗಳಿವೆ. ಅದನ್ನು ಅರ್ಜಿಯ ಹಂತದಲ್ಲಿಯೇ ವಿಚಾರಿಸಬೇಕು.

ಮಾದರಿ ಸರಕು ಮತ್ತು ಹಣ

ಪ್ರಯಾಣಿಕರ ಸ್ವಂತ ಸಾಮಾನಿಗಿರುವ ಸುಂಕ ವಿನಾಯಿತಿ ವ್ಯಾಪಾರದ ಸರಕಿಗೆ ಸಲ್ಲದು. ಪ್ರದರ್ಶನದ ಮಾದರಿಗಳನ್ನು ತಾತ್ಕಾಲಿಕವಾಗಿ ಒಯ್ದು ಮರಳಿ ತರಲು ಎಟಿಎ ಕಾರ್ನೆಟ್ ಎಂಬ ಅಂತರರಾಷ್ಟ್ರೀಯ ಸುಂಕ ದಾಖಲೆ ಅನುಕೂಲ. ಭಾರತದಲ್ಲಿ ಇದನ್ನು ನೀಡುವ ಸಂಸ್ಥೆ ಫಿಕ್ಕಿ. ಗರಿಷ್ಠ ಅವಧಿ ಒಂದು ವರ್ಷ, ಭದ್ರತೆ ಒದಗಿಸಬೇಕು. ಕಾರ್ನೆಟ್‌ನಲ್ಲಿ ಒಯ್ದ ಸರಕನ್ನು ಮಾರಿಬಿಟ್ಟರೆ ಅಲ್ಲಿನ ಸುಂಕ ತೆರಬೇಕಾಗುತ್ತದೆ. ಹಂಚಿಬಿಡುವ ಅಥವಾ ತಿಂದು ಮುಗಿಯುವ ವಸ್ತುಗಳಿಗೆ ಇದು ಅನ್ವಯಿಸದು.

ಆಹಾರ ವ್ಯಾಪಾರಿಗಳು ಇನ್ನೂ ಎಚ್ಚರದಿಂದಿರಬೇಕು. ಭಾರತದಿಂದ ಹೋಗುವ ಪ್ರಯಾಣಿಕರು ಮಾಂಸ ಮತ್ತು ಹಾಲಿನ ಉತ್ಪನ್ನಗಳನ್ನು ಒಯ್ಯುವಂತಿಲ್ಲ. ತುಪ್ಪದ ಡಬ್ಬಿಯೂ ಇದರಲ್ಲಿ ಸೇರಿದೆ. ಮಾವಿನ ಹಣ್ಣಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಹತ್ತು ಸಾವಿರ ಯೂರೋ ಅಥವಾ ಅದಕ್ಕೆ ಮೇಲ್ಪಟ್ಟ ನಗದನ್ನು ಅಲ್ಲಿನ ಸುಂಕ ಅಧಿಕಾರಿಗಳಿಗೆ ಘೋಷಿಸಬೇಕು.

ನಿರಾಕರಣೆಯಾದರೆ?

ನಿರಾಕರಣೆಯ ಕಾರಣವನ್ನು ನಿಗದಿತ ನಮೂನೆಯಲ್ಲಿ ಲಿಖಿತವಾಗಿ ಕೊಡುತ್ತಾರೆ. ಉದ್ದೇಶ ಸ್ಪಷ್ಟವಾಗಿಲ್ಲ, ಹಣದ ಪುರಾವೆ ಸಾಲದು, ಹಿಂದಿರುಗುವ ಬಗ್ಗೆ ಸಂಶಯವಿದೆ ಎಂಬಿವು ಮುಖ್ಯ ಕಾರಣಗಳು. ದೂತಾವಾಸಕ್ಕೇ ಮರುಪರಿಶೀಲನೆಯ ಮನವಿ ಸಲ್ಲಿಸುವ ಪದ್ಧತಿಯನ್ನು ಜರ್ಮನಿ 2025ರ ಜುಲೈ 1ರಿಂದ ಕೈಬಿಟ್ಟಿದೆ. ಉಳಿದಿರುವುದು ಬರ್ಲಿನ್ನಿನ ಆಡಳಿತ ನ್ಯಾಯಾಲಯದ ಮಾರ್ಗ ಅಥವಾ ಹೊಸ ಅರ್ಜಿ. ಮೇಳ ಸಮೀಪಿಸಿರುವಾಗ ನ್ಯಾಯಾಲಯ ಸಹಾಯಕ್ಕೆ ಬಾರದು. ನ್ಯೂನತೆಯನ್ನು ಸರಿಪಡಿಸಿ ಹೊಸ ಅರ್ಜಿ ಸಲ್ಲಿಸುವುದೇ ವ್ಯಾವಹಾರಿಕ ದಾರಿ. ಆದರೆ ಸುಳ್ಳು ದಾಖಲೆ ಸಲ್ಲಿಸಿ ಸಿಕ್ಕಿಬಿದ್ದರೆ ಅದರ ಕಲೆ ಮುಂದಿನ ಅರ್ಜಿಗಳಿಗೂ ಅಂಟಿಕೊಳ್ಳುತ್ತದೆ, ಏಕೆಂದರೆ ಎಲ್ಲ ಷೆಂಗೆನ್ ದೇಶಗಳೂ ಒಂದೇ ವೀಸಾ ಮಾಹಿತಿ ವ್ಯವಸ್ಥೆಯನ್ನು ನೋಡುತ್ತವೆ.

ಶಿಸ್ತಿಗೆ ಪ್ರತಿಫಲವೂ ಇದೆ. 2024ರ ಏಪ್ರಿಲ್ 18ರ ನಿರ್ಣಯದಂತೆ, ಭಾರತದಲ್ಲಿ ವಾಸಿಸುವ ಭಾರತೀಯರು ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾಗಳನ್ನು ಪಡೆದು ನಿಯಮಾನುಸಾರ ಬಳಸಿದ್ದರೆ ಎರಡು ವರ್ಷಗಳ ಅನೇಕ ಪ್ರವೇಶ ವೀಸಾ ಪಡೆಯಬಹುದು. ಪಾಸ್‌ಪೋರ್ಟಿನ ಅವಧಿ ಸಾಕಷ್ಟಿದ್ದರೆ ಅದರ ಮುಂದಿನ ಹಂತ ಐದು ವರ್ಷಗಳದು. ಪ್ರತಿವರ್ಷ ಮೇಳಕ್ಕೆ ಹೋಗುವ ರಫ್ತುದಾರರಿಗೆ ಇದು ದೊಡ್ಡ ಅನುಕೂಲ. ಮೊದಲ ಎರಡು ಪ್ರವಾಸಗಳ ಶುದ್ಧ ದಾಖಲೆಯೇ ಮುಂದಿನ ಏಳು ವರ್ಷಗಳ ದಾರಿಯನ್ನು ಸುಗಮಗೊಳಿಸುತ್ತದೆ.

ನೆನಪಿಡಬೇಕಾದ ಕ್ರಮ

1. ಮಳಿಗೆಗೆ ಹಣ ಕಟ್ಟುವ ಮುನ್ನ ಪಾಸ್‌ಪೋರ್ಟಿನ ಅವಧಿ ಮತ್ತು ಖಾಲಿ ಪುಟಗಳನ್ನು ನೋಡಿರಿ. ಹಣ ವಾಪಸಾತಿಯ ಷರತ್ತನ್ನು ಓದಿರಿ.
2. ಮೇಳಕ್ಕೆ ನಾಲ್ಕು ತಿಂಗಳಿರುವಾಗ ಆಹ್ವಾನ ಪತ್ರ ತರಿಸಿಕೊಂಡು ಅರ್ಜಿಯ ದಿನ ಗೊತ್ತುಮಾಡಿರಿ.
3. ಟಿಕೆಟ್, ಹೋಟೆಲ್, ವಿಮೆ, ಪತ್ರಗಳ ದಿನಾಂಕಗಳನ್ನು ಒಂದೇ ಹಾಳೆಯಲ್ಲಿ ಬರೆದು ತಾಳೆ ನೋಡಿರಿ.
4. ವೀಸಾ ಕೈಸೇರುವವರೆಗೆ ಹಣ ಹಿಂದಕ್ಕೆ ಬಾರದ ಟಿಕೆಟ್ ಕೊಳ್ಳಬೇಡಿರಿ.
5. ಸಾಧ್ಯವಿದ್ದರೆ ಸಂಸ್ಥೆಯಿಂದ ಇಬ್ಬರು ಅರ್ಜಿ ಸಲ್ಲಿಸಿರಿ. ಒಬ್ಬರಿಗೆ ತಡವಾದರೂ ಮಳಿಗೆ ಬರಿದಾಗದು.

ಶುಲ್ಕ ಮತ್ತು ದಾಖಲೆಗಳ ಪಟ್ಟಿ ಆಗಾಗ ಬದಲಾಗುವುದರಿಂದ ಅರ್ಜಿ ಸಲ್ಲಿಸುವ ಮುನ್ನ ದೂತಾವಾಸದ ಅಧಿಕೃತ ಪ್ರಕಟಣೆಯನ್ನು ಓದುವುದು ಅವಶ್ಯ. ಸರಕಿನ ಗುಣಮಟ್ಟಕ್ಕೆ ನಾವು ಕೊಡುವ ಗಮನದ ಹತ್ತರಲ್ಲೊಂದು ಪಾಲನ್ನು ಕಡತಕ್ಕೂ ಕೊಟ್ಟರೆ ನಮ್ಮ ಮಳಿಗೆಯಲ್ಲಿ ನಮ್ಮ ಸರಕಿನೊಡನೆ ನಾವೂ ನಿಂತಿರುತ್ತೇವೆ.