ಔಟಾದವರು ಮರಳಿ ಬರುವ ಆಟ: ತಂಡದ ಕಾದಾಟದ ಆಟಗಳಿಂದ ಗುಂಪು ಚಟುವಟಿಕೆಗೆ ಏನು ಕಲಿಯಬಹುದು?

ಬೋಧನಾಭ್ಯಾಸದ ಪಾಠಯೋಜನೆಯಲ್ಲಿ ‘ಗುಂಪು ಚಟುವಟಿಕೆ’ ಎಂಬ ಕಾಲಂ ಅನ್ನು ಖಾಲಿ ಬಿಡುವ ಪ್ರಶಿಕ್ಷಣಾರ್ಥಿಗಳು ಈಗ ವಿರಳ. ಆದರೆ ಪಾಠ ವೀಕ್ಷಣೆಗೆ ಹಿಂದಿನ ಬೆಂಚಿನಲ್ಲಿ ಕುಳಿತವರಿಗೆ ಕಾಣುವ ದೃಶ್ಯ ಹೆಚ್ಚಾಗಿ ಒಂದೇ: ನಾಲ್ವರ ಗುಂಪಿನಲ್ಲಿ ಒಬ್ಬಳು ಬರೆಯುತ್ತಾಳೆ, ಇನ್ನೊಬ್ಬ ಅವಳ ಹಾಳೆ ನೋಡುತ್ತಾನೆ, ಉಳಿದಿಬ್ಬರು ಗಂಟೆ ಹೊಡೆಯುವುದನ್ನು ಕಾಯುತ್ತಾರೆ. ಅದೇ ನಾಲ್ವರು ಸಂಜೆ ನಂದಿನಿ ಲೇಔಟಿನ ಯಾವುದಾದರೂ ಅಡ್ಡರಸ್ತೆಯ ಕಟ್ಟೆಯ ಮೇಲೆ ಕುಳಿತು ಮೊಬೈಲಿನಲ್ಲಿ ‘ಸ್ಕ್ವಾಡ್’ ಕಟ್ಟಿಕೊಂಡು ಆಡುವಾಗ ಒಬ್ಬರೂ ಸುಮ್ಮನಿರುವುದಿಲ್ಲ. ಒಬ್ಬ ಎಚ್ಚರಿಸುತ್ತಾನೆ, ಒಬ್ಬ ಮರೆಯಲ್ಲಿ ಕಾಯುತ್ತಾನೆ, ಬಿದ್ದವನನ್ನು ಎಬ್ಬಿಸಲು ಇನ್ನೊಬ್ಬ ಓಡುತ್ತಾನೆ.

ಇದನ್ನು ಮೊಬೈಲಿನ ಚಟ ಎಂದು ತಳ್ಳಿಹಾಕುವುದು ಸುಲಭ. ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಆದರೆ ಶಿಕ್ಷಕರಾಗುವವರು ಕೇಳಬೇಕಾದ ಪ್ರಶ್ನೆ ಬೇರೆ: ಚಿಕ್ಕ ತಂಡಗಳು ಯುಕ್ತಿಯಿಂದ ಕಾದಾಡುವ ಆಟಗಳಲ್ಲಿ ಮಕ್ಕಳನ್ನು ಹಿಡಿದಿಡುವುದು ಯಾವುದು? ಅದನ್ನು ಬಂದೂಕಿಲ್ಲದೆ, ಪರದೆಯಿಲ್ಲದೆ ತರಗತಿಗೆ ತರಲು ಸಾಧ್ಯವೇ? ಉತ್ತರಕ್ಕೆ ನಮ್ಮ ಎರಡು ಆಟಗಳನ್ನು ನೋಡಿದರೆ ಸಾಕು. ಒಂದು ಕಬಡ್ಡಿ, ಇನ್ನೊಂದು ಹುಲಿ-ಕುರಿ ಆಟ.

1. ರಸ ಹುಟ್ಟುವುದು ಎಲ್ಲಿ?

ಅ) ಆಯ್ಕೆಗೆ ಬೆಲೆಯಿದೆ, ಸಮಯ ಕಡಿಮೆಯಿದೆ. ಕಬಡ್ಡಿಯಲ್ಲಿ ಒಂದು ದಾಳಿಗೆ 30 ಸೆಕೆಂಡು ಮಾತ್ರ. ಎದುರಾಳಿ ಅಂಕಣದಲ್ಲಿ ಆರು ಅಥವಾ ಏಳು ಮಂದಿ ಇದ್ದಾಗ ಬೋನಸ್ ಗೆರೆ ದಾಟಿದರೆ ಒಂದು ಅಂಕ ಸಿಗುತ್ತದೆ. ಆದರೆ ಆ ಗೆರೆಯವರೆಗೆ ಹೋದವನನ್ನು ಮೂಲೆಯ ರಕ್ಷಕರು ಹಿಡಿಯುವ ಸಂಭವವೂ ಹೆಚ್ಚು. ಮುಂದೆ ಹೋಗಲೇ, ಮರಳಲೇ? ಈ ನಿರ್ಧಾರವನ್ನು ದಾಳಿಗೆ ಹೋದವನು ಆ ಕ್ಷಣದಲ್ಲೇ ಮಾಡಬೇಕು. ಸರಿ ಉತ್ತರ ಮೊದಲೇ ಗೊತ್ತಿದ್ದರೆ ಆಟವಿಲ್ಲ. ಏನು ಮಾಡಿದರೂ ಫಲ ಒಂದೇ ಆಗಿದ್ದರೂ ಆಟವಿಲ್ಲ.

ಆ) ಪಾತ್ರ ಬೇರೆ ಬೇರೆ, ಗೆಲುವು ಒಂದೇ. ಅಂಕಣದಲ್ಲಿರುವ ಏಳು ಮಂದಿಯಲ್ಲಿ ರೈಡರ್, ಕಾರ್ನರ್, ಕವರ್ ಎಂಬ ಪಾತ್ರಗಳಿವೆ. ಕಾರ್ನರ್ ಆಟಗಾರ ಕಾಲು ಹಿಡಿದರೂ ಕವರ್ ಆಟಗಾರರು ನುಗ್ಗಿ ಬರದಿದ್ದರೆ ರೈಡರ್ ಗೆರೆಗೆ ಜಾರಿಬಿಡುತ್ತಾನೆ. ಹುಲಿ-ಕುರಿ ಆಟದಲ್ಲಿ ಇದು ಇನ್ನೂ ಸ್ಪಷ್ಟ. ಊರಿಂದೂರಿಗೆ ಆಟದ ರೂಪ ಬದಲಾಗುತ್ತದೆ. ಹೆಚ್ಚು ಬಳಕೆಯ ಒಂದು ರೂಪದಲ್ಲಿ 23 ಬಿಂದುಗಳು, 3 ಹುಲಿಗಳು, 15 ಕುರಿಗಳು. ಹುಲಿ ಪಕ್ಕದ ಕುರಿಯನ್ನು ನೇರ ಗೆರೆಯಲ್ಲಿ ಹಾರಿ ಆಚೆಯ ಖಾಲಿ ಬಿಂದುವಿಗೆ ಇಳಿದರೆ ಕುರಿ ಹೋಯಿತು. ಆಚೆಯ ಬಿಂದುವಿನಲ್ಲಿ ಇನ್ನೊಂದು ಕುರಿ ಇದ್ದರೆ ಹುಲಿ ಹಾರಲಾರದು. ಒಂಟಿ ಕುರಿಗೆ ಯಾವ ಬಲವೂ ಇಲ್ಲ. ಹಿಂದೆ ಆಸರೆಯಿರುವ ಕುರಿಗೆ ಭಯವಿಲ್ಲ. ಕುರಿಗಳು ಗೆಲ್ಲುವುದು ಹುಲಿಗಳಿಗೆ ಅಲುಗಾಡಲು ಜಾಗವಿಲ್ಲದಂತೆ ಮಾಡಿದಾಗ.

ಇ) ಸೋಲುತ್ತಿರುವವರಿಗೂ ದಾರಿಯಿದೆ. ಅಂಕಣದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ರಕ್ಷಕರು ಉಳಿದಾಗ ರೈಡರ್‌ನನ್ನು ಹಿಡಿದರೆ ‘ಸೂಪರ್ ಟ್ಯಾಕಲ್’, ಒಂದರ ಬದಲು ಎರಡು ಅಂಕ. ತಂಡ ಸೊರಗಿದಷ್ಟೂ ಅದರ ಸಾಹಸಕ್ಕೆ ಬೆಲೆ ಹೆಚ್ಚು. ಪ್ರೊ ಕಬಡ್ಡಿಯ ಆರನೆಯ ಆವೃತ್ತಿಯ ಫೈನಲ್‌ನಲ್ಲಿ (5 ಜನವರಿ 2019, ಮುಂಬೈ) ಬೆಂಗಳೂರು ಬುಲ್ಸ್ ತಂಡ ಮೊದಲಾರ್ಧದಲ್ಲಿ ಹಿಂದಿದ್ದು, ಕೊನೆಗೆ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿತು. ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದಿದ್ದರು. ಇಂತಹ ತಿರುವಿಗೆ ನಿಯಮಗಳೇ ಅವಕಾಶ ಕೊಡುತ್ತವೆ.

ಈ) ಔಟಾದವರು ಮರಳುತ್ತಾರೆ. ಕ್ರಿಕೆಟ್ಟಿನಲ್ಲಿ ಔಟಾದ ಬ್ಯಾಟರ್ ಆ ಇನಿಂಗ್ಸಿಗೆ ಮತ್ತೆ ಬರುವಂತಿಲ್ಲ. ಕಬಡ್ಡಿಯಲ್ಲಿ ಎದುರಾಳಿಯ ಒಬ್ಬರನ್ನು ಔಟ್ ಮಾಡಿದಾಗ ನಮ್ಮವರಲ್ಲಿ ಒಬ್ಬರು, ಔಟಾದ ಕ್ರಮದಲ್ಲೇ, ಅಂಕಣಕ್ಕೆ ಮರಳುತ್ತಾರೆ. ಬೋನಸ್ ಅಂಕಕ್ಕೆ ಈ ಸೌಲಭ್ಯವಿಲ್ಲ. ಹಾಗಾಗಿ ಹೊರಗೆ ಕುಳಿತವನು ನಿರಾಶನಾಗಿ ಕೂರುವುದಿಲ್ಲ, ಒಳಗಿರುವವರ ಪ್ರತಿ ಹೆಜ್ಜೆಯನ್ನೂ ನೋಡುತ್ತಿರುತ್ತಾನೆ. ಮಕ್ಕಳು ಆಡುವ ಬಿಜಿಎಂಐನಂತಹ ಮೊಬೈಲ್ ಆಟಗಳಲ್ಲೂ ನೆಲಕ್ಕೆ ಬಿದ್ದ ಸಂಗಾತಿಯನ್ನು ಸ್ವಲ್ಪ ಸಮಯದೊಳಗೆ ಎಬ್ಬಿಸಬಹುದು.

ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅವರ ಸ್ವನಿರ್ಧಾರ ಸಿದ್ಧಾಂತವನ್ನು ಮನೋವಿಜ್ಞಾನ ಪತ್ರಿಕೆಯಲ್ಲಿ ಓದಿರುತ್ತೇವೆ. ಒಳಪ್ರೇರಣೆಗೆ ಅವರು ಹೇಳುವ ಮೂರು ಅಗತ್ಯಗಳು ಸ್ವಾಯತ್ತತೆ, ಸಾಮರ್ಥ್ಯದ ಅರಿವು, ಬಾಂಧವ್ಯ. ಮೇಲಿನ ಅಂಶಗಳಲ್ಲಿ ಮೂರೂ ಇವೆ: ಆಯ್ಕೆ ನನ್ನದು, ನನ್ನ ಆಯ್ಕೆಯ ಫಲ ಕಣ್ಣಿಗೆ ಕಾಣುತ್ತದೆ, ನಾನಿಲ್ಲದೆ ತಂಡ ನಡೆಯದು.

2. ತರಗತಿಯಲ್ಲಿ ಔಟಾದ ಮಗು

ನಮ್ಮ ಪ್ರಶ್ನೋತ್ತರ ಹಂತವನ್ನು ಈ ಬೆಳಕಿನಲ್ಲಿ ನೋಡೋಣ. ಶಿಕ್ಷಕರು ಪ್ರಶ್ನೆ ಕೇಳುತ್ತಾರೆ. ಮಗು ತಪ್ಪು ಉತ್ತರ ಹೇಳುತ್ತದೆ. ‘ಕೂತ್ಕೋ. ಬೇರೆ ಯಾರು ಹೇಳ್ತೀರಿ?’ ಎಂಬ ಮಾತು ಬರುತ್ತದೆ. ಆ ಮಗು ಅಲ್ಲಿಗೆ ಔಟ್. ಆ ಅವಧಿಯಲ್ಲಿ ಅದು ಮತ್ತೆ ಒಳಗೆ ಬರುವ ನಿಯಮವನ್ನು ನಮ್ಮ ಪಾಠಯೋಜನೆಯಲ್ಲಿ ನಾವು ಬರೆದೇ ಇರುವುದಿಲ್ಲ. ದಿನಕ್ಕೆ ಏಳೆಂಟು ಅವಧಿ ಹೀಗೆ ನಡೆದರೆ, ಮಗು ಕೈ ಎತ್ತದಿರುವುದೇ ಕ್ಷೇಮ ಎಂದು ಕಲಿಯುತ್ತದೆ. ನಾವು ಅದನ್ನು ‘ಆಸಕ್ತಿ ಇಲ್ಲದ ಮಗು’ ಎಂದು ವರದಿಯಲ್ಲಿ ಬರೆಯುತ್ತೇವೆ.

ಗುಂಪು ಚಟುವಟಿಕೆಯಲ್ಲೂ ಇದೇ ಕೊರತೆ. ಒಂದೇ ಹಾಳೆ, ಒಂದೇ ಪ್ರಶ್ನೆ ಕೊಟ್ಟಾಗ ಒಬ್ಬರು ಮಾಡಿದರೆ ಕೆಲಸ ಮುಗಿಯುತ್ತದೆ. ಉಳಿದವರ ಅಗತ್ಯವೇ ಇರುವುದಿಲ್ಲ. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ಎಲಿಯಟ್ ಆರನ್ಸನ್ ರೂಪಿಸಿದ ‘ಜಿಗ್‌ಸಾ’ ವಿಧಾನ ಪ್ರತಿ ಮಗುವಿಗೂ ಪಾಠದ ಬೇರೆ ಬೇರೆ ತುಣುಕು ಕೊಟ್ಟಿತು. ಒಬ್ಬರ ತುಣುಕು ಇಲ್ಲದೆ ಇಡೀ ಚಿತ್ರ ಪೂರ್ಣವಾಗದು. ಕಬಡ್ಡಿಯ ಕಾರ್ನರ್-ಕವರ್ ಸಂಬಂಧದ ಹಿಂದಿರುವುದೂ ಇದೇ ತತ್ವ.

3. ಮಾದರಿ ಪಾಠ: ಹುಲಿ-ಕುರಿ ಮತ್ತು ಕಾರಣ ಹೇಳುವ ವಾಕ್ಯಗಳು

ನಗರದ ಅನೇಕ ಶಾಲೆಗಳಲ್ಲಿ ಇಡೀ ತರಗತಿಯನ್ನು ಕಬಡ್ಡಿಗೆ ಇಳಿಸುವಷ್ಟು ಮೈದಾನವಿಲ್ಲ. ಹುಲಿ-ಕುರಿಗೆ ಸೀಮೆಸುಣ್ಣ ಮತ್ತು ನೆಲ ಸಾಕು. ಹಂಪಿಯ ಕಲ್ಲುಹಾಸುಗಳ ಮೇಲೂ ಇಂತಹ ಆಟದ ಮನೆಗಳನ್ನು ಕೊರೆದಿರುವುದನ್ನು ಪ್ರವಾಸ ಹೋದ ಮಕ್ಕಳು ನೋಡಿರಬಹುದು.

ತರಗತಿ: 8, ಪ್ರಥಮ ಭಾಷೆ ಕನ್ನಡ. ಅವಧಿ: 40 ನಿಮಿಷ. ಮಕ್ಕಳು: 40.

ಕಲಿಕಾ ಫಲ: ‘ಏಕೆಂದರೆ’, ‘ಆದ್ದರಿಂದ’, ‘ಒಂದು ವೇಳೆ … ಆದರೆ’ ಎಂಬ ರಚನೆಗಳನ್ನು ಬಳಸಿ ತನ್ನ ನಿರ್ಧಾರಕ್ಕೆ ಕಾರಣ ಹೇಳುವುದು ಮತ್ತು ಬರೆಯುವುದು.

ಸಾಮಗ್ರಿ: ಐದು ಆಟದ ಮನೆಗಳು, ಪ್ರತಿ ಮನೆಗೆ 15 ಹುಣಸೆ ಬೀಜ, 3 ಕಲ್ಲು. ಪ್ರತಿ ಮನೆಗೆ ಎಂಟು ಮಕ್ಕಳು: ನಾಲ್ವರು ಕುರಿ ತಂಡ, ನಾಲ್ವರು ಹುಲಿ ತಂಡ.

ಪ್ರವೇಶ (5 ನಿಮಿಷ): ಕರಿಹಲಗೆಯ ಮೇಲೆ ಮನೆ ಬರೆದು ಮೂರು ನಡೆ ಆಡಿ ತೋರಿಸಿ. ಎಲ್ಲ ಕುರಿಗಳನ್ನು ಇಟ್ಟು ಮುಗಿಯುವವರೆಗೆ ಕುರಿಗಳು ನಡೆಯುವಂತಿಲ್ಲ. ಹುಲಿಗಳು ಮೊದಲಿನಿಂದಲೇ ನಡೆಯಬಹುದು.

ಆಟ (20 ನಿಮಿಷ): ಕುರಿ ತಂಡಕ್ಕೆ ನಡೆಯೊಂದಕ್ಕೆ 30 ಸೆಕೆಂಡು, ಹುಲಿ ತಂಡಕ್ಕೆ 15 ಸೆಕೆಂಡು. ಇಲ್ಲಿ ಮೂರು ವಿಶೇಷ ನಿಯಮಗಳಿವೆ. ಮೊದಲನೆಯದು, ನಾಲ್ವರೂ ಮಾತಾಡಬಹುದು, ಆದರೆ ಕಾಯಿ ಮುಟ್ಟುವವರು ಸರದಿಯಂತೆ ಒಬ್ಬರೇ; ಅವರ ನಿರ್ಧಾರವೇ ಅಂತಿಮ. ಎರಡನೆಯದು, ಕಾಯಿ ಇಡುವಾಗ ಒಂದು ವಾಕ್ಯದಲ್ಲಿ ಕಾರಣ ಹೇಳಬೇಕು: ‘ಇಲ್ಲಿ ಇಡುತ್ತೇನೆ, ಏಕೆಂದರೆ ಮುಂದಿನ ಕುರಿಗೆ ಆಸರೆಯಾಗುತ್ತದೆ.’ ಮೂರನೆಯದು ಕಬಡ್ಡಿಯಿಂದ ಪಡೆದದ್ದು: ಕುರಿ ಹೋದರೆ, ಆ ನಡೆ ಆಡಿದ ಮಗು ಏಕೆ ಹೋಯಿತೆಂದು ಸರಿಯಾದ ಒಂದು ವಾಕ್ಯ ಬರೆದು ತೋರಿಸಿದರೆ ಕುರಿ ತಂಡದ ಕೈಗೆ ಮರಳುತ್ತದೆ. ‘ಒಂದು ವೇಳೆ ಹಿಂದಿನ ಬಿಂದುವಿನಲ್ಲಿ ಕುರಿ ಇಟ್ಟಿದ್ದರೆ ಹುಲಿ ಹಾರುತ್ತಿರಲಿಲ್ಲ’ ಎಂಬಂಥ ವಾಕ್ಯ. ಬರೆಯಲು ಕಷ್ಟಪಡುವ ಮಗುವಿಗೆ ತಂಡ ಮಾತಿನಿಂದ ನೆರವಾಗಬಹುದು, ಕೈ ಹಿಡಿದು ಬರೆಸುವಂತಿಲ್ಲ. ಹುಲಿ ತಂಡದ ಎಣಿಕೆಯಲ್ಲಿ ಹಿಡಿದ ಕುರಿ ಹಾಗೆಯೇ ಉಳಿಯುತ್ತದೆ. ಸಮಯ ಮುಗಿಯುವುದರೊಳಗೆ ಎಣಿಕೆ ಐದಾದರೆ ಹುಲಿಗಳಿಗೆ ಗೆಲುವು, ಇಲ್ಲವಾದರೆ ಕುರಿಗಳಿಗೆ.

ಚರ್ಚೆ ಮತ್ತು ಬರಹ (10 ನಿಮಿಷ): ಪ್ರತಿ ಮಗು ತನ್ನ ಒಂದು ನಡೆಯ ಬಗ್ಗೆ ಮೂರು ವಾಕ್ಯ ಬರೆಯುತ್ತದೆ: ಏನು ಮಾಡಿದೆ, ಏಕೆ ಮಾಡಿದೆ, ಬೇರೆ ಏನು ಮಾಡಬಹುದಿತ್ತು.

ಮೌಲ್ಯಮಾಪನ (5 ನಿಮಿಷ): ಅಂಕ ಕೊಡುವುದು ಈ ಮೂರು ವಾಕ್ಯಗಳಿಗೆ, ಗೆಲುವಿಗಲ್ಲ.

ತರಗತಿಗೆ ಹೋಗುವ ಮೊದಲು ಪ್ರಶಿಕ್ಷಣಾರ್ಥಿಗಳು ತಾವೇ ಎಂಟು ಜನ ಕುಳಿತು ಒಮ್ಮೆ ಆಡಬೇಕು. ಸಮಯ ಸಾಲದೆಂದು ಕಂಡರೆ ಅಥವಾ ಒಂದೇ ಕಡೆ ಸುಲಭವಾಗಿ ಗೆಲ್ಲುತ್ತಿದ್ದರೆ ಐದು ಎಂಬ ಸಂಖ್ಯೆಯನ್ನು ಬದಲಿಸಿಕೊಳ್ಳಬಹುದು. ಎರಡೂ ಕಡೆಯವರಿಗೆ ಗೆಲ್ಲುವ ಆಸೆ ಕೊನೆಯವರೆಗೆ ಉಳಿಯುವುದು ಮುಖ್ಯ.

4. ಎರಡು ಎಚ್ಚರಿಕೆಗಳು

ಆಟದ ಸೊಗಸು ಚುಕ್ಕಿ, ಬಹುಮಾನ, ‘ಬೆಸ್ಟ್ ಟೀಂ’ ಚಪ್ಪಾಳೆಗಳಲ್ಲಿ ಇಲ್ಲ. ಆಯ್ಕೆಯೇ ಇಲ್ಲದ ಚಟುವಟಿಕೆಗೆ ಅಂಕಪಟ್ಟಿ ಅಂಟಿಸಿದರೆ ಅದು ಆಟವಾಗುವುದಿಲ್ಲ. ಅಂಕಗಳಿರುವ ಅಭ್ಯಾಸ ಹಾಳೆಯಾಗುತ್ತದೆ. ಪಾಠಯೋಜನೆ ನೋಡುವ ಉಪನ್ಯಾಸಕರು ಮೊದಲು ಕೇಳಬೇಕಾದದ್ದು, ‘ಇಲ್ಲಿ ಮಗು ನಿರ್ಧರಿಸುವುದು ಏನನ್ನು?’ ಎಂದು.

ಎರಡನೆಯದು, ಆಟದಲ್ಲಿ ಎದುರಾಳಿ ಇರುತ್ತಾನೆ, ತರಗತಿಯಲ್ಲಿ ಶತ್ರು ಇರಬಾರದು. ಒಂದೇ ಮಗು ಯಾವಾಗಲೂ ದುರ್ಬಲ ತಂಡದಲ್ಲಿ ಉಳಿಯದಂತೆ ಪ್ರತಿ ಬಾರಿ ಗುಂಪು ಬದಲಿಸಿ. ಹುಲಿ-ಕುರಿ ಪಾತ್ರಗಳನ್ನೂ ಅದಲುಬದಲು ಮಾಡಿ. ಕಳೆದುಹೋದ ಕುರಿಗಾಗಿ ತಂಡದವರು ಒಬ್ಬರನ್ನು ಬೈಯತೊಡಗಿದರೆ ಆಟ ನಿಲ್ಲಿಸಿ, ಆ ನಡೆಯನ್ನು ಮನೆಯ ಮೇಲೆ ಮತ್ತೆ ಇಟ್ಟು, ‘ಇಲ್ಲಿ ಆಸರೆಗೆ ಯಾರು ಬರಬಹುದಿತ್ತು?’ ಎಂದು ಇಡೀ ತಂಡವನ್ನು ಕೇಳಿ. ಹೊಣೆ ಒಬ್ಬರ ತಲೆಯಿಂದ ಇಳಿದು ನಾಲ್ವರ ನಡುವೆ ಹಂಚಿಕೆಯಾಗುತ್ತದೆ.

5. ಪಾಠ ವೀಕ್ಷಕರಿಗೆ

ಈ ಪಾಠವನ್ನಾಗಲಿ ಬೇರೆ ಯಾವುದೇ ಗುಂಪು ಚಟುವಟಿಕೆಯನ್ನಾಗಲಿ ವೀಕ್ಷಿಸುವಾಗ ನಾಲ್ಕು ಪ್ರಶ್ನೆಗಳಿಗೆ ಹೌದು-ಇಲ್ಲ ಎಂದು ಗುರುತು ಹಾಕಿಕೊಳ್ಳಬಹುದು. ಪ್ರತಿ ಮಗುವೂ ಕನಿಷ್ಠ ಒಂದು ನಿರ್ಧಾರ ಮಾಡಿತೇ? ಒಬ್ಬರು ಸುಮ್ಮನಿದ್ದರೆ ಗುಂಪಿನ ಕೆಲಸ ನಿಲ್ಲುತ್ತಿತ್ತೇ? ಹಿಂದುಳಿದ ಗುಂಪಿಗೆ ಕೊನೆಯವರೆಗೂ ಏನಾದರೂ ಸಾಧಿಸುವ ಅವಕಾಶ ಇತ್ತೇ? ತಪ್ಪು ಹೇಳಿದ ಮಗುವಿಗೆ ಗಂಟೆ ಹೊಡೆಯುವುದರೊಳಗೆ ಇನ್ನೊಂದು ಸರದಿ ಬಂತೇ?

ನಾಲ್ಕನೆಯ ಪ್ರಶ್ನೆಗೆ ಹೌದು ಎನ್ನಲು ಆಟವೇ ಬೇಕೆಂದಿಲ್ಲ. ತಪ್ಪು ಉತ್ತರ ಹೇಳಿದ ಮಗುವಿನ ಹೆಸರನ್ನು ಪಾಠಯೋಜನೆಯ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಮಾಡಿಕೊಂಡು, ಹತ್ತು ನಿಮಿಷದ ನಂತರ ಅದೇ ಅಂಶದ ಮೇಲೆ ಇನ್ನೊಂದು ಪ್ರಶ್ನೆಯನ್ನು ಆ ಮಗುವಿಗೇ ಕೇಳಿದರೂ ಸಾಕು. ನಾಳೆಯ ಬೋಧನಾಭ್ಯಾಸದಲ್ಲೇ ಇದನ್ನು ಮಾಡಿ ನೋಡಬಹುದು.